ತಂದೆಯ ದವಾಖಾನೆ, ಮಕ್ಕಳ ವಿದ್ಯಾಲಯ

ತಂದೆಯ ವೃತ್ತಿ ಮಕ್ಕಳ ಬದುಕಿಗೆ ದಾರಿಯಾಗಬೇಕೆ, ಅಡ್ಡಿಯಾಗಬೇಕೆ? ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಈ ಪ್ರಶ್ನೆ ಏಳುತ್ತದೆ. ಕೆಲವು ತಂದೆತಾಯಿಗಳು, "ಅಂಗಡಿ ಇದೆಯಲ್ಲ, ಇನ್ನು ಓದಿ ಏನಾಗಬೇಕು?" ಎಂದು ಮಗನನ್ನು ಶಾಲೆಯಿಂದ ಬಿಡಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುತ್ತಾರೆ. ಇನ್ನು ಕೆಲವು ಮಕ್ಕಳು ನಾಲ್ಕಕ್ಷರ ಕಲಿತ ಕೂಡಲೇ ತಂದೆಯ ಕಸುಬಿನ ಹೆಸರು ಹೇಳಲು ನಾಚುತ್ತಾರೆ. ಶಾಲೆಯ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಸಾಲಿನಲ್ಲಿ ಮೆಕ್ಯಾನಿಕ್ ಎಂದೋ ದರ್ಜಿ ಎಂದೋ ಬರೆಯಲು ಹಿಂಜರಿದು 'ಬಿಸಿನೆಸ್' ಎಂದು ಬರೆಯುವ ವಿದ್ಯಾರ್ಥಿಗಳನ್ನು ಶಿಕ್ಷಕರಾದ ನಾವು ನೋಡುತ್ತಲೇ ಇರುತ್ತೇವೆ.

ಮೊದಲನೆಯವರು ಕಸುಬಿಗಾಗಿ ವಿದ್ಯೆಯನ್ನು ಬಿಡುತ್ತಾರೆ. ಎರಡನೆಯವರು ವಿದ್ಯೆಗಾಗಿ ಕಸುಬನ್ನು ಮರೆಯುತ್ತಾರೆ. ಎರಡನ್ನೂ ಕೈಬಿಡದೆ ಬೆಳೆದ ಮನೆತನಗಳು ನಮ್ಮ ದೇಶದ ಇತಿಹಾಸದಲ್ಲಿ ಇಲ್ಲವೇ? ಇವೆ. ಅವುಗಳಲ್ಲಿ ದೆಹಲಿಯ ಹಮ್‌ದರ್ದ್ ದವಾಖಾನೆಯ ಕಥೆ ನಮ್ಮ ವಿದ್ಯಾರ್ಥಿಗಳೂ ಪೋಷಕರೂ ತಿಳಿಯಲೇಬೇಕಾದದ್ದು. ರಮಜಾನ್ ತಿಂಗಳ ಇಫ್ತಾರಿನ ದಸ್ತರ್‌ಖಾನಿನ ಮೇಲೆ ರೂಹ್ ಅಫ್ಜಾ ಶರಬತ್ತನ್ನು ಕಾಣದವರು ನಮ್ಮಲ್ಲಿ ಕಡಿಮೆ. ಆದರೆ ಆ ಕೆಂಪು ಸೀಸೆಯ ಹಿಂದಿರುವ ತಂದೆ, ತಾಯಿ ಮತ್ತು ಇಬ್ಬರು ಮಕ್ಕಳ ಇತಿಹಾಸವನ್ನು ಬಲ್ಲವರು ಇನ್ನೂ ಕಡಿಮೆ.

ಹಳೆಯ ದೆಹಲಿಯ ಒಂದು ಚಿಕ್ಕ ಅಂಗಡಿ

1906ನೇ ಇಸವಿ. ದೆಹಲಿ ಆಗಿನ್ನೂ ಬ್ರಿಟಿಷ್ ಭಾರತದ ರಾಜಧಾನಿಯಾಗಿರಲಿಲ್ಲ. ಹಳೆಯ ದೆಹಲಿಯ ಹೌಜ್ ಖಾಜಿ ಪ್ರದೇಶದಲ್ಲಿ ಹಕೀಂ ಹಾಫಿಜ್ ಅಬ್ದುಲ್ ಮಜೀದ್ ಎಂಬ ತರುಣ ಯುನಾನಿ ವೈದ್ಯರು ಒಂದು ಚಿಕ್ಕ ದವಾಖಾನೆಯನ್ನು ತೆರೆದರು. ಅದಕ್ಕೆ ಅವರು ಇಟ್ಟ ಹೆಸರು 'ಹಮ್‌ದರ್ದ್'. ಫಾರಸಿಯಲ್ಲಿ 'ಹಮ್' ಎಂದರೆ ಜೊತೆ, 'ದರ್ದ್' ಎಂದರೆ ನೋವು. ಇನ್ನೊಬ್ಬರ ನೋವನ್ನು ತನ್ನದೆಂದು ತಿಳಿಯುವವನೇ ಹಮ್‌ದರ್ದ್.

ಆ ಕಾಲದಲ್ಲಿ ಯುನಾನಿ ವೈದ್ಯದ ಪರಿಸ್ಥಿತಿ ಅಷ್ಟು ಸುಲಭದ್ದಾಗಿರಲಿಲ್ಲ. ಸರ್ಕಾರದ ಆಶ್ರಯವೆಲ್ಲ ಇಂಗ್ಲಿಷ್ ವೈದ್ಯ ಪದ್ಧತಿಗೆ ದೊರೆಯುತ್ತಿತ್ತು. ನವಾಬರ, ಬಾದಷಹರ ದರ್ಬಾರುಗಳು ಮುಗಿದಿದ್ದವು. ನುಸ್ಖಾಗಳನ್ನು, ಅಂದರೆ ಔಷಧದ ವಿಧಾನಗಳನ್ನು, ಮನೆತನದ ಗುಟ್ಟಾಗಿ ಕಾಯ್ದುಕೊಳ್ಳುವ ರೂಢಿ ಬೇರೆ ಇತ್ತು. ಹಕೀಮರು ನಾಡಿ ನೋಡಿ ನುಸ್ಖಾ ಬರೆದುಕೊಟ್ಟರೆ ರೋಗಿಯು ಅತ್ತಾರರ ಅಂಗಡಿಗೆ ಹೋಗಿ ಬೇರು, ಎಲೆ, ಬೀಜಗಳನ್ನು ಕೊಂಡು ತಂದು ಮನೆಯಲ್ಲಿ ಕುದಿಸಿಕೊಳ್ಳಬೇಕಿತ್ತು. ಬೇರು ಹಳೆಯದಾಗಿದ್ದರೆ ಅಥವಾ ಕಲಬೆರಕೆಯಾಗಿದ್ದರೆ ಹಕೀಮರ ವಿದ್ಯೆಯೆಲ್ಲ ವ್ಯರ್ಥ. ನಂಬಿಕೆಗೆ ಅರ್ಹವಾದ ಔಷಧ ನಂಬಿಕೆಗೆ ಅರ್ಹವಾದ ಒಂದೇ ಸ್ಥಳದಲ್ಲಿ ಸಿಗಬೇಕು ಎಂಬ ಅಗತ್ಯವನ್ನು ಇಂತಹ ದವಾಖಾನೆಗಳು ಪೂರೈಸಿದವು.

ಉತ್ತರ ಭಾರತದ ಬೇಸಿಗೆಯ 'ಲೂ' ಎಂಬ ಬಿಸಿಗಾಳಿ ಬಡವರಿಗೆ ಪ್ರಾಣಕಂಟಕ. ಅದರಿಂದ ಬಳಲುವವರಿಗಾಗಿ ಅಬ್ದುಲ್ ಮಜೀದ್ ಸಾಹೇಬರು ಗುಲಾಬಿ, ಕೇದಗೆ ಮೊದಲಾದ ಹೂಗಳ ಅರ್ಕ, ತಂಪು ನೀಡುವ ಗಿಡಮೂಲಿಕೆ ಹಾಗೂ ಹಣ್ಣುಗಳ ರಸವನ್ನು ಸೇರಿಸಿ ಒಂದು ಶರಬತ್ತನ್ನು ತಯಾರಿಸಿದರು. 1907ರ ಸುಮಾರಿಗೆ ರೂಪುಗೊಂಡ ಇದೇ ರೂಹ್ ಅಫ್ಜಾ. ಆತ್ಮಕ್ಕೆ ಚೈತನ್ಯ ಕೊಡುವಂಥದು ಎಂಬುದು ಈ ಹೆಸರಿನ ಅರ್ಥ. ಅದು ಮೊದಲು ಹುಟ್ಟಿದ್ದು ಔಷಧವಾಗಿ. ರುಚಿಯಾದ್ದರಿಂದ ಆರೋಗ್ಯವಂತರೂ ಅದನ್ನು ಕೇಳತೊಡಗಿದರು. ಮಿರ್ಜಾ ನೂರ್ ಅಹ್ಮದ್ ಎಂಬ ಕಲಾವಿದರು ಅದಕ್ಕೆ ಬಣ್ಣಬಣ್ಣದ ಹೂವು ಹಣ್ಣುಗಳ ಲೇಬಲ್ ಬರೆದುಕೊಟ್ಟರು. ಅದನ್ನು ಮುಂಬಯಿಯಲ್ಲಿ ಮುದ್ರಿಸಿ ತರಿಸಲಾಯಿತು. ಗುಣದ ಜೊತೆಗೆ ಗುರುತು ಕೂಡ ಇರಬೇಕು ಎಂಬ ವ್ಯಾಪಾರದ ಪಾಠ ಆ ಕಾಲಕ್ಕೇ ಅವರಿಗೆ ತಿಳಿದಿತ್ತು.

ತಾಯಿಯ ಕೈಯಲ್ಲಿ ಉಳಿದ ವೃತ್ತಿ

1922ರಲ್ಲಿ ಹಕೀಂ ಅಬ್ದುಲ್ ಮಜೀದ್ ಸಾಹೇಬರು ಇನ್ನೂ ಮುಪ್ಪಿನ ವಯಸ್ಸಲ್ಲದ ಕಾಲದಲ್ಲೇ ತೀರಿಕೊಂಡರು. ದವಾಖಾನೆಗೆ ಆಗ ಹದಿನಾರು ವರ್ಷ. ಹಿರಿಯ ಮಗ ಅಬ್ದುಲ್ ಹಮೀದ್ ಹುಟ್ಟಿದ್ದು 1908ರಲ್ಲಿ. ತಂದೆ ತೀರಿದಾಗ ಅವರಿಗೆ ಹದಿನಾಲ್ಕರ ಆಸುಪಾಸು. ಕಿರಿಯ ಮಗ ಮುಹಮ್ಮದ್ ಸಯೀದ್ ಹುಟ್ಟಿದ್ದು 1920ರ ಜನವರಿಯಲ್ಲಿ. ಅವರಿನ್ನೂ ಎರಡು ವರ್ಷದ ಮಗು.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ನಾವೆಲ್ಲ ನಮ್ಮ ನಮ್ಮ ಮೊಹಲ್ಲಾಗಳಲ್ಲಿ ಕಂಡಿದ್ದೇವೆ. ಅಂಗಡಿಗೆ ಬೀಗ ಬೀಳುತ್ತದೆ, ಇಲ್ಲವೇ ಅದು ಮತ್ತೊಬ್ಬರ ಕೈಗೆ ಹೋಗುತ್ತದೆ, ಮಕ್ಕಳು ಕೂಲಿಗೆ ನಿಲ್ಲುತ್ತಾರೆ. ಆದರೆ ಅಬ್ದುಲ್ ಮಜೀದ್ ಸಾಹೇಬರ ಪತ್ನಿ ರಾಬಿಯಾ ಬೇಗಂ ಅವರು ಹಾಗಾಗಲು ಬಿಡಲಿಲ್ಲ. ಪರ್ದಾ ಪದ್ಧತಿ ಬಿಗಿಯಾಗಿದ್ದ ಆ ಕಾಲದ ಹಳೆಯ ದೆಹಲಿಯಲ್ಲಿ ದವಾಖಾನೆಯ ಹೊಣೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಹಿರಿಯ ಮಗನನ್ನು ಜೊತೆಗಿಟ್ಟುಕೊಂಡು ವ್ಯವಹಾರವನ್ನು ಉಳಿಸಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಿರಿಯ ಮಗ ಸಯೀದ್ ಅವರಿಗೆ ತಂದೆಯ ಮುಖ ನೆನಪಿರುವ ವಯಸ್ಸೇ ಅಲ್ಲ. ಆದರೂ ಮುಂದೆ ಅವರು ತಂದೆಯ ವೃತ್ತಿಯನ್ನೇ ತಮ್ಮ ಬದುಕನ್ನಾಗಿ ಮಾಡಿಕೊಂಡರು. ಅಂದಮೇಲೆ ಆ ವೃತ್ತಿಯ ಪ್ರೀತಿ ಅವರಿಗೆ ತಲುಪಿದ್ದು ತಾಯಿ ಮತ್ತು ಅಣ್ಣನ ಮೂಲಕವೇ. ತಂದೆಯ ಉದ್ಯೋಗ ಮಕ್ಕಳಿಗೆ ಸ್ಫೂರ್ತಿಯಾಗುತ್ತದೆ ಎಂದು ನಾವು ಹೇಳುವಾಗ, ಅದನ್ನು ಮಕ್ಕಳಿಗೆ ಗೌರವದಿಂದ ಹೇಳಿಕೊಡುವ ತಾಯಿಯನ್ನು ಮರೆಯುತ್ತೇವೆ. ಮನೆಯಲ್ಲಿ ತಾಯಿಯೇ ತಂದೆಯ ಕೆಲಸವನ್ನು ಹಗುರವಾಗಿ ಮಾತಾಡಿದರೆ ಮಕ್ಕಳಲ್ಲಿ ಅದರ ಬಗ್ಗೆ ಆದರ ಹುಟ್ಟುವುದು ಹೇಗೆ?

ಹಿರಿಯ ಮಗ: ಅಂಗಡಿಯೂ ಬೇಕು, ಪುಸ್ತಕವೂ ಬೇಕು

ಅಬ್ದುಲ್ ಹಮೀದ್ ಅವರು ಎಳೆಯ ವಯಸ್ಸಿನಲ್ಲಿ ದವಾಖಾನೆಯಲ್ಲಿ ಕೂರಬೇಕಾಯಿತು. ಆದರೆ ಅಲ್ಲಿಗೇ ವಿದ್ಯೆಯನ್ನು ನಿಲ್ಲಿಸಲಿಲ್ಲ. ದೆಹಲಿಯಲ್ಲಿ ಆಗ ಹಕೀಂ ಅಜ್ಮಲ್ ಖಾನರ ಪರಿಶ್ರಮದಿಂದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜು ಬೆಳೆದು ನಿಂತಿತ್ತು. 1921ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧೀಜಿಯವರು ಅದನ್ನು ಉದ್ಘಾಟಿಸಿದ್ದರು. ಅಬ್ದುಲ್ ಹಮೀದ್ ಅವರು ಅದೇ ಕಾಲೇಜಿನಲ್ಲಿ ವೈದ್ಯಶಿಕ್ಷಣ ಪಡೆದರು. ಮುಂದೆ ತಮ್ಮ ಸಯೀದ್ ಕೂಡ ಅಲ್ಲೇ ಓದಿದರು. ತಂದೆಯ ಅಂಗಡಿ ಇದೆಯಲ್ಲ, ಕಲಿಯುವುದೇನಿದೆ ಎಂದು ಆ ತಾಯಿಯೂ ಹೇಳಲಿಲ್ಲ, ಮಕ್ಕಳೂ ಹೇಳಲಿಲ್ಲ.

ಓದಿನ ಫಲ ವ್ಯಾಪಾರದಲ್ಲಿ ಕಂಡಿತು. ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ ತಯಾರಾಗುತ್ತಿದ್ದ ಔಷಧಗಳು ಕ್ರಮೇಣ ಯಂತ್ರಗಳಲ್ಲಿ, ಒಂದೇ ಅಳತೆಯಲ್ಲಿ, ಮುಚ್ಚಿದ ಸೀಸೆಗಳಲ್ಲಿ ಬರತೊಡಗಿದವು. ಇಂದು ಕೊಂಡ ಸೀಸೆಗೂ ಆರು ತಿಂಗಳ ನಂತರ ಕೊಂಡ ಸೀಸೆಗೂ ಗುಣದಲ್ಲಿ ವ್ಯತ್ಯಾಸವಿರಬಾರದು ಎಂಬುದು ಕಾರ್ಖಾನೆಯ ಮೊದಲ ನಿಯಮ. ರಕ್ತಶುದ್ಧಿಗೆ 'ಸಾಫಿ', ಶಕ್ತಿಗೆ 'ಸಿಂಕಾರಾ', ಕೆಮ್ಮು ನೆಗಡಿಗೆ 'ಜೋಶೀನಾ' ಹೀಗೆ ಹಮ್‌ದರ್ದಿನ ಔಷಧಗಳು ದೇಶದ ಮೂಲೆ ಮೂಲೆಯ ಅಂಗಡಿಗಳನ್ನು ತಲುಪಿದವು. ತಂದೆಯ ಕಾಲದಲ್ಲಿ ಒಂದು ಬೀದಿಯ ಹೆಸರಾಗಿದ್ದದ್ದು ಮಗನ ಕಾಲದಲ್ಲಿ ದೇಶದ ಹೆಸರಾಯಿತು.

ಇಷ್ಟಾದ ಮೇಲೆ ಅಬ್ದುಲ್ ಹಮೀದ್ ಸಾಹೇಬರು ಮಾಡಿದ ಕೆಲಸವೇ ಅವರನ್ನು ಇತಿಹಾಸದಲ್ಲಿ ನಿಲ್ಲಿಸಿತು. 1948ರಲ್ಲಿ, ಅಂದರೆ ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ, ದೆಹಲಿಯ ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ಹೋಗಿದ್ದಾಗ, ಅವರು ಹಮ್‌ದರ್ದ್ ದವಾಖಾನೆಯನ್ನು ವಕ್ಫ್ ಮಾಡಿದರು. ವಕ್ಫ್ ಎಂದರೆ ಒಡೆತನದ ಹಕ್ಕನ್ನು ಬಿಟ್ಟುಕೊಟ್ಟು ಆಸ್ತಿಯ ಆದಾಯವನ್ನು ಶಾಶ್ವತವಾಗಿ ಒಳ್ಳೆಯ ಕಾರ್ಯಕ್ಕೆ ಮೀಸಲಿಡುವುದು. ಅಂದಿನಿಂದ ಅವರು ತಮ್ಮದೇ ಕಾರ್ಖಾನೆಯ ಯಜಮಾನರಾಗಿ ಉಳಿಯದೆ ಅದನ್ನು ನೋಡಿಕೊಳ್ಳುವ ಮುತವಲ್ಲಿಯಾದರು. ಆ ಲಾಭವನ್ನು ಸಾರ್ವಜನಿಕ ಕಾರ್ಯಗಳಿಗೆ ಕ್ರಮವಾಗಿ ವಿನಿಯೋಗಿಸಲು 1964ರಲ್ಲಿ ಹಮ್‌ದರ್ದ್ ನ್ಯಾಷನಲ್ ಫೌಂಡೇಷನ್ ಸ್ಥಾಪನೆಯಾಯಿತು.

ಕಿರಿಯ ಮಗ: ಬರಿಗೈಯಲ್ಲಿ ಹೊಸ ಊರಿಗೆ

ತಮ್ಮ ಹಕೀಂ ಮುಹಮ್ಮದ್ ಸಯೀದ್ ಅವರು 1948ರ ಜನವರಿಯಲ್ಲಿ ಕರಾಚಿಗೆ ಹೊರಟುಹೋದರು. ಅಣ್ಣ ಭಾರತದಲ್ಲೇ ಉಳಿಯುವ ನಿರ್ಧಾರ ಮಾಡಿದರು. ಒಂದೇ ತಾಯಿಯ ಮಕ್ಕಳು ಎರಡು ದೇಶಗಳ ಪ್ರಜೆಗಳಾದರು. ಆ ಕಾಲದ ಸಾವಿರಾರು ಮನೆಗಳ ಕಥೆ ಇದು.

ಕರಾಚಿಯಲ್ಲಿ ಅವರಿಗೆ ದೆಹಲಿಯ ಕಾರ್ಖಾನೆ ಇರಲಿಲ್ಲ, ಗೋದಾಮು ಇರಲಿಲ್ಲ, ಪರಿಚಯದ ಗಿರಾಕಿಗಳೂ ಇರಲಿಲ್ಲ. ತಂದೆ 1906ರಲ್ಲಿ ಎಲ್ಲಿಂದ ಆರಂಭಿಸಿದ್ದರೋ ಮಗ 1948ರಲ್ಲಿ ಅಲ್ಲಿಂದಲೇ ಆರಂಭಿಸಬೇಕಾಯಿತು. ಆರಾಮ್ ಬಾಗ್ ಪ್ರದೇಶದಲ್ಲಿ ಒಂದು ಚಿಕ್ಕ ಬಾಡಿಗೆಯ ಜಾಗದಲ್ಲಿ ದವಾಖಾನೆ ತೆರೆದರು. ಹೆಸರು ಅದೇ ಹಮ್‌ದರ್ದ್. ಕೆಲವೇ ವರ್ಷಗಳಲ್ಲಿ ಅದು ಬೆಳೆಯಿತು. 1953ರಲ್ಲಿ ಅವರೂ ಅಣ್ಣನ ಹಾದಿಯಲ್ಲೇ ತಮ್ಮ ಸಂಸ್ಥೆಯನ್ನು ವಕ್ಫ್ ಮಾಡಿದರು. ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲೂ ಶಾಖೆ ಆರಂಭವಾಯಿತು. 1971ರಲ್ಲಿ ಬಾಂಗ್ಲಾದೇಶ ಹುಟ್ಟಿದ ಮೇಲೆ ಆ ಶಾಖೆ ತನ್ನದೇ ಸಂಸ್ಥೆಯಾಗಿ ಮುಂದುವರಿಯಿತು. ಹೀಗೆ ಒಬ್ಬ ತಂದೆಯ ಶರಬತ್ತು ಮೂರು ದೇಶಗಳಲ್ಲಿ ತಯಾರಾಗುವಂತಾಯಿತು.

ವಿದ್ಯಾರ್ಥಿಗಳು ಯೋಚಿಸಬೇಕಾದ ಅಂಶ ಇಲ್ಲಿದೆ. ಸಯೀದ್ ಸಾಹೇಬರು ದೆಹಲಿಯಿಂದ ಕಾರ್ಖಾನೆಯನ್ನು ಹೊತ್ತುಕೊಂಡು ಹೋಗಲು ಸಾಧ್ಯವಿರಲಿಲ್ಲ. ಹೊತ್ತುಕೊಂಡು ಹೋದದ್ದು ಕಲಿತ ವಿದ್ಯೆ, ಔಷಧ ತಯಾರಿಸುವ ಕೈಚಳಕ, ಲೆಕ್ಕ ಇಡುವ ಶಿಸ್ತು ಮತ್ತು ತಂದೆ ಗಳಿಸಿದ ಒಳ್ಳೆಯ ಹೆಸರು. ಆಸ್ತಿ ಗಡಿಯ ಈಚೆ ಉಳಿಯಿತು, ವಿದ್ಯೆ ಗಡಿ ದಾಟಿತು. ತಂದೆಯಿಂದ ಮಗ ಏನನ್ನು ಪಡೆಯಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕಿಲ್ಲ.

ಸಯೀದ್ ಸಾಹೇಬರು ಕಡೆಯವರೆಗೂ ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದರು. ಮಕ್ಕಳಿಗಾಗಿ 'ಹಮ್‌ದರ್ದ್ ನೌನಿಹಾಲ್' ಎಂಬ ಉರ್ದು ಮಾಸಪತ್ರಿಕೆಯನ್ನು ನಡೆಸಿದರು. ಔಷಧ ವಿಜ್ಞಾನದ ಬಗ್ಗೆ ಅಲ್ ಬಿರೂನಿ ಬರೆದ ಪ್ರಾಚೀನ ಗ್ರಂಥವನ್ನು 1973ರಲ್ಲಿ ಇಂಗ್ಲಿಷಿನಲ್ಲಿ ಸಂಪಾದಿಸಿ ಪ್ರಕಟಿಸಿದರು. 1991ರಲ್ಲಿ ಕರಾಚಿಯಲ್ಲಿ ಹಮ್‌ದರ್ದ್ ವಿಶ್ವವಿದ್ಯಾಲಯ ಸ್ಥಾಪಿಸಿದರು. 1993-94ರಲ್ಲಿ ಸ್ವಲ್ಪ ಕಾಲ ಸಿಂಧ್ ಪ್ರಾಂತದ ರಾಜ್ಯಪಾಲರಾಗಿದ್ದರು. 1998ರ ಅಕ್ಟೋಬರ್ 17ರಂದು ಬೆಳಿಗ್ಗೆ ತಮ್ಮ ದವಾಖಾನೆಗೆ ಬಂದಾಗ ದುಷ್ಕರ್ಮಿಗಳ ಗುಂಡಿಗೆ ಬಲಿಯಾದರು. ಯಾವ ಆರಾಮ್ ಬಾಗಿನಲ್ಲಿ ವೃತ್ತಿ ಆರಂಭಿಸಿದ್ದರೋ ಅಲ್ಲಿಯೇ ಅವರ ಕೊನೆಯೂ ಆಯಿತು.

ಔಷಧದ ಹಣದಿಂದ ಶಾಲೆಗಳು

ದೆಹಲಿಯಲ್ಲಿ ಅಣ್ಣನ ಕೆಲಸ ಮುಂದುವರಿದಿತ್ತು. 1960ರ ದಶಕದಲ್ಲಿ ಹಕೀಂ ಅಬ್ದುಲ್ ಹಮೀದ್ ಸಾಹೇಬರು ವೈದ್ಯಶಾಸ್ತ್ರದ ಇತಿಹಾಸದ ಸಂಶೋಧನೆಗಾಗಿ ಒಂದು ಸಂಸ್ಥೆಯನ್ನು, ತಿಬ್ಬಿ ಕಾಲೇಜನ್ನು ಹಾಗೂ ಇಸ್ಲಾಮಿಕ್ ಅಧ್ಯಯನದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಇಬ್ನ್ ಸೀನಾ ಅವರ ಪ್ರಸಿದ್ಧ ವೈದ್ಯಗ್ರಂಥ 'ಅಲ್ ಖಾನೂನ್'ನ ಪರಿಷ್ಕೃತ ಆವೃತ್ತಿಯನ್ನು ಹೊರತರುವ ಕೆಲಸ ಇಲ್ಲಿಯೇ ನಡೆಯಿತು. 1972ರಲ್ಲಿ ಫಾರ್ಮಸಿ ಕಾಲೇಜು ಬಂತು. ಹಕೀಮರ ಮನೆತನದವರು ಆಧುನಿಕ ಔಷಧ ವಿಜ್ಞಾನದ ಕಾಲೇಜು ತೆರೆದದ್ದನ್ನು ಗಮನಿಸಿ. ತಮ್ಮ ಪದ್ಧತಿಯ ಮೇಲಿನ ಅಭಿಮಾನ ಅವರನ್ನು ಹೊಸ ವಿದ್ಯೆಗೆ ಹೆದರುವಂತೆ ಮಾಡಲಿಲ್ಲ.

ಈ ಸಂಸ್ಥೆಗಳೆಲ್ಲ ಸೇರಿ 1989ರಲ್ಲಿ 'ಜಾಮಿಯಾ ಹಮ್‌ದರ್ದ್' ಎಂಬ ಹೆಸರಿನಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಆಗಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಲ್ಲಿ ಯುನಾನಿ, ಫಾರ್ಮಸಿ, ನರ್ಸಿಂಗ್, ವಿಜ್ಞಾನ, ಕಂಪ್ಯೂಟರ್, ಮ್ಯಾನೇಜ್‌ಮೆಂಟ್ ಮೊದಲಾದ ವಿಷಯಗಳ ಬೋಧನೆ ಬೆಳೆಯಿತು. ಸಾಹಿತ್ಯಪ್ರಿಯರಾಗಿದ್ದ ಅವರು 1969ರಲ್ಲಿ ನಿಜಾಮುದ್ದೀನ್ ಬಡಾವಣೆಯಲ್ಲಿ ಮಹಾಕವಿ ಗಾಲಿಬ್ ಅವರ ಸಮಾಧಿಯ ಪಕ್ಕದಲ್ಲೇ ಗಾಲಿಬ್ ಅಕಾಡೆಮಿಯನ್ನೂ ಕಟ್ಟಿಸಿದರು. ಸರ್ಕಾರಿ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನೀಡುವ ಹಮ್‌ದರ್ದ್ ಸ್ಟಡಿ ಸರ್ಕಲ್ ಕೂಡ ಅವರ ಕಾಲದಲ್ಲೇ ಆರಂಭವಾಯಿತು.

ಈ ಸಂಸ್ಥೆಗಳಲ್ಲಿ ಎರಡರ ಹೆಸರು ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಆಸ್ಪತ್ರೆಗೆ ಅವರು ಇಟ್ಟ ಹೆಸರು 'ಮಜೀದಿಯಾ', ಅದು ತಂದೆಯ ನೆನಪು. ಹಳೆಯ ದೆಹಲಿಯ ಗಲಿ ಖಾಸಿಂ ಜಾನ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆಗೆ ಇಟ್ಟ ಹೆಸರು 'ರಾಬಿಯಾ', ಅದು ತಾಯಿಯ ನೆನಪು. ತಂದೆಯ ಹೆಸರಿನಲ್ಲಿ ಚಿಕಿತ್ಸೆ, ತಾಯಿಯ ಹೆಸರಿನಲ್ಲಿ ವಿದ್ಯೆ. ಹಕೀಂ ಸಾಹೇಬರಿಗೆ 1965ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಗೌರವ ಬಂದವು. 1999ರ ಜುಲೈನಲ್ಲಿ ಅವರು ದೆಹಲಿಯಲ್ಲಿ ನಿಧನರಾದರು.

ಸತ್ಯವನ್ನು ಪೂರ್ಣವಾಗಿ ಹೇಳಬೇಕಾದರೆ ಇನ್ನೊಂದು ಮಾತೂ ಇದೆ. ಹಿರಿಯರ ನಂತರದ ತಲೆಮಾರಿನಲ್ಲಿ ದೆಹಲಿಯ ಹಮ್‌ದರ್ದಿನ ಆಡಳಿತ ಯಾರದು ಎಂಬ ಬಗ್ಗೆ ಕುಟುಂಬದಲ್ಲಿ ಭಿನ್ನಾಭಿಪ್ರಾಯ ಬಂದು ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2019ರ ರಮಜಾನಿನಲ್ಲಿ ದೇಶದ ಅಂಗಡಿಗಳಲ್ಲಿ ರೂಹ್ ಅಫ್ಜಾ ಸಿಗದೆ ಜನ ಪರದಾಡಿದ್ದೂ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಎಷ್ಟೇ ದೊಡ್ಡ ಮನೆತನವಾದರೂ ಮುಂದಿನವರಿಗೆ ಜವಾಬ್ದಾರಿಯನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. ನಮ್ಮ ಊರಿನ ಸಣ್ಣ ಅಂಗಡಿಗಳಲ್ಲೂ ಅಣ್ಣತಮ್ಮಂದಿರ ನಡುವೆ ಇದೇ ಪ್ರಶ್ನೆ ಏಳುತ್ತದೆ. ಲಿಖಿತ ಲೆಕ್ಕ ಮತ್ತು ಲಿಖಿತ ಒಪ್ಪಂದ ಎಷ್ಟು ಮುಖ್ಯ ಎಂಬುದನ್ನು ಇದರಿಂದಲೂ ಕಲಿಯಬಹುದು.

ಇನ್ನೆರಡು ಮನೆತನಗಳು

ಹಮ್‌ದರ್ದಿನ ಮಕ್ಕಳು ತಂದೆಯ ಔಷಧವನ್ನೇ ಮುಂದುವರಿಸಿದರು. ಹಾಗಾದರೆ ಮಗ ತಂದೆ ಮಾಡಿದ್ದನ್ನೇ ಮಾಡಬೇಕೆ ಎಂಬ ಸಂದೇಹ ಬರಬಹುದು. ಅದಕ್ಕೆ ಉತ್ತರವಾಗಿ ಇನ್ನೆರಡು ಮನೆತನಗಳನ್ನು ಸಂಕ್ಷೇಪವಾಗಿ ನೋಡೋಣ.

ಅಲಿಗಢದಲ್ಲಿ 1898ರಲ್ಲಿ ಹುಟ್ಟಿದ ಖ್ವಾಜಾ ಅಬ್ದುಲ್ ಹಮೀದ್ ಅವರು ಬರ್ಲಿನ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಔಷಧ ಕಂಪನಿಯನ್ನು ಸ್ಥಾಪಿಸಿದರು. 1939ರಲ್ಲಿ ಗಾಂಧೀಜಿಯವರು ಅದಕ್ಕೆ ಭೇಟಿ ಕೊಟ್ಟಿದ್ದರು. ಮಗ ಯೂಸುಫ್ ಹಮೀದ್ ಕೂಡ ರಸಾಯನಶಾಸ್ತ್ರವನ್ನೇ ಆರಿಸಿಕೊಂಡು ಕೇಂಬ್ರಿಡ್ಜ್‌ನಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಅಲೆಕ್ಸಾಂಡರ್ ಟಾಡ್ ಅವರ ಬಳಿ ಸಂಶೋಧನೆ ಮಾಡಿ 1960ರಲ್ಲಿ ಕಂಪನಿಗೆ ಸೇರಿದರು. ಆಫ್ರಿಕಾದಲ್ಲಿ ಏಡ್ಸ್ ರೋಗದಿಂದ ಲಕ್ಷಾಂತರ ಜನ ಸಾಯುತ್ತಿದ್ದಾಗ ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2001ರಲ್ಲಿ ಸಿಪ್ಲಾ ಅದೇ ಔಷಧಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡಲು ಮುಂದೆ ಬಂತು. ತಂದೆ ಕಟ್ಟಿದ ಪ್ರಯೋಗಾಲಯಕ್ಕೆ ಮಗ ತನ್ನ ಓದನ್ನು ಸೇರಿಸಿದ್ದರಿಂದ ಇದು ಸಾಧ್ಯವಾಯಿತು.

ಎರಡನೆಯದು ನಮ್ಮ ಬೆಂಗಳೂರಿಗೆ ಸೇರಿದ್ದು. ಮುಹಮ್ಮದ್ ಹಾಶಿಂ ಪ್ರೇಮ್‌ಜಿಯವರು 1945ರಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬ ಊರಿನಲ್ಲಿ ವನಸ್ಪತಿ ತಯಾರಿಸುವ ಕಂಪನಿ ಆರಂಭಿಸಿದರು. 1966ರಲ್ಲಿ ಅವರು ತೀರಿಕೊಂಡಾಗ ಮಗ ಅಜೀಂ ಪ್ರೇಮ್‌ಜಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು, ವಯಸ್ಸು ಇಪ್ಪತ್ತೊಂದು. ಓದನ್ನು ಅರ್ಧಕ್ಕೆ ಬಿಟ್ಟು ಬಂದು ಎಣ್ಣೆ ಕಂಪನಿಯ ಹೊಣೆ ಹೊತ್ತರು. ಮುಂದೆ ಸಾಬೂನು ಮೊದಲಾದ ವಸ್ತುಗಳಿಗೆ, ಆಮೇಲೆ ಕಂಪ್ಯೂಟರಿಗೆ, ಸಾಫ್ಟ್‌ವೇರಿಗೆ ಕೈಹಾಕಿದರು. ಅದೇ ವಿಪ್ರೊ. ಮಗ ತಂದೆಯ ಸರಕನ್ನು ಬದಲಾಯಿಸಿದರು, ಆದರೆ ತಂದೆಯ ಹೆಸರಿನ ಪ್ರಾಮಾಣಿಕತೆಯನ್ನು ಬದಲಾಯಿಸಲಿಲ್ಲ. ಅರ್ಧಕ್ಕೆ ಬಿಟ್ಟ ಪದವಿಯನ್ನು ದಶಕಗಳ ನಂತರ, ದೊಡ್ಡ ಶ್ರೀಮಂತರಾದ ಮೇಲೆ, ಪೂರ್ಣಗೊಳಿಸಿದರು. ಅವರ ತಾಯಿ ಗುಲ್‌ಬಾನೂ ಪ್ರೇಮ್‌ಜಿಯವರು ವೈದ್ಯರಾಗಿದ್ದು ಮುಂಬಯಿಯಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆಗಾಗಿ ದುಡಿದವರು. ಮಗ 2001ರಲ್ಲಿ ಶಿಕ್ಷಣಕ್ಕಾಗಿ ಫೌಂಡೇಷನ್ ಸ್ಥಾಪಿಸಿದರು, 2010ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಆರಂಭವಾಯಿತು. ಇಲ್ಲಿಯೂ ವ್ಯಾಪಾರದ ದಾರಿ ವಿದ್ಯಾಲಯಕ್ಕೆ ಬಂದು ಸೇರಿದೆ.

ಈ ಇತಿಹಾಸದಿಂದ ನಾವು ಪಡೆಯುವುದೇನು?

ಮೊದಲನೆಯದಾಗಿ, ತಂದೆಯ ಕಸುಬು ಮಗನಿಗೆ ಉಚಿತವಾಗಿ ದೊರೆಯುವ ಮೊದಲ ಪಾಠಶಾಲೆ. ಹಕೀಮರ ಮಗ ಬೇರಿನ ವಾಸನೆಯಿಂದಲೇ ಅದು ಹೊಸದೋ ಹಳೆಯದೋ ಎಂದು ತಿಳಿಯುತ್ತಾನೆ. ನಮ್ಮ ನಾಡಿನಲ್ಲಿ ರಾಮನಗರ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮಕ್ಕಳಿಗೆ ಗೂಡನ್ನು ಕೈಯಲ್ಲಿ ಹಿಡಿದರೆ ಅದರ ಗುಣ ತಿಳಿಯುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವವರ ಮಕ್ಕಳಿಗೆ ಮರದ ಜಾತಿ, ಅರಗಿನ ಬಣ್ಣ ಗೊತ್ತು. ಬೀದರಿನಲ್ಲಿ ಬಿದ್ರಿ ಕೆಲಸದವರ ಮಕ್ಕಳು ಬೆಳ್ಳಿಯ ತಂತಿ ಕೂರಿಸುವುದನ್ನು ಆಟವಾಡುವ ವಯಸ್ಸಿನಲ್ಲೇ ನೋಡಿರುತ್ತಾರೆ. ಈ ತಿಳಿವಳಿಕೆಯನ್ನು ಯಾವ ಕಾಲೇಜೂ ಅಷ್ಟು ಸುಲಭವಾಗಿ ಕೊಡಲಾರದು. ಅದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡುವ ವಿದ್ಯಾರ್ಥಿ ತನ್ನ ಬಂಡವಾಳವನ್ನು ತಾನೇ ಬಿಸಾಡಿದಂತೆ.

ಎರಡನೆಯದಾಗಿ, ಆ ಮೊದಲ ಪಾಠ ಮಾತ್ರ ಸಾಲದು. ರೇಷ್ಮೆಯ ಗುಣ ತಿಳಿದವನಿಗೆ ಬ್ಯಾಂಕಿನ ಸಾಲದ ಪತ್ರ ಓದಲು ಬಾರದಿದ್ದರೆ, ಜಿಎಸ್‌ಟಿ ಲೆಕ್ಕ ತಿಳಿಯದಿದ್ದರೆ, ಹೊರಗಿನ ಮಾರುಕಟ್ಟೆಯ ದರ ಗೊತ್ತಿಲ್ಲದಿದ್ದರೆ ಅವನ ದುಡಿಮೆಯ ಲಾಭ ದಲ್ಲಾಳಿಯ ಪಾಲಾಗುತ್ತದೆ. ಮೆಕ್ಯಾನಿಕ್‌ನ ಮಗ ಐಟಿಐ ಅಥವಾ ಡಿಪ್ಲೊಮಾ ಮಾಡಿದರೆ ಇಂದಿನ ಎಲೆಕ್ಟ್ರಿಕ್ ವಾಹನಗಳನ್ನೂ ರಿಪೇರಿ ಮಾಡಬಲ್ಲ. ಇಲ್ಲದಿದ್ದರೆ ಹಳೆಯ ಎಂಜಿನ್‌ಗಳು ರಸ್ತೆಯಿಂದ ಮಾಯವಾದಂತೆ ಅವನ ಅನ್ನವೂ ಕಡಿಮೆಯಾಗುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಅಂಗಡಿಯನ್ನೂ ನೋಡಿಕೊಂಡು ಕಾಲೇಜನ್ನೂ ಮುಗಿಸಿದರೆಂದಮೇಲೆ, ತಂದೆ ಗಟ್ಟಿಮುಟ್ಟಾಗಿರುವ ಮನೆಯ ಮಕ್ಕಳು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವುದಕ್ಕೆ ಕಾರಣವೇನು? ಯುನಾನಿ ವೈದ್ಯದ ಬಗ್ಗೆಯೇ ಹೇಳುವುದಾದರೆ, ಅದರ ಉನ್ನತ ಶಿಕ್ಷಣ ಕೊಡುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಬೆಂಗಳೂರಿನ ಮಾಗಡಿ ರಸ್ತೆಯಲ್ಲೇ ಇದೆ. ಹಕೀಮರ ಮನೆಗಳ ಎಷ್ಟು ಮಕ್ಕಳಿಗೆ ಇದು ಗೊತ್ತು?

ಮೂರನೆಯದಾಗಿ, ಹೆಣ್ಣುಮಕ್ಕಳ ಮಾತು. ರಾಬಿಯಾ ಬೇಗಂ ಅವರು 1922ರಲ್ಲಿ ದವಾಖಾನೆ ಉಳಿಸಿದರು. ನೂರು ವರ್ಷ ಕಳೆದ ಮೇಲೂ ನಮ್ಮಲ್ಲಿ ಅನೇಕರು ವ್ಯಾಪಾರದ ವಿಷಯವನ್ನು ಹೆಂಡತಿಗೂ ಮಗಳಿಗೂ ಹೇಳುವುದಿಲ್ಲ. ಮನೆಯ ಯಜಮಾನನಿಗೆ ಏನಾದರೂ ಆದರೆ ಯಾರಿಂದ ಬರಬೇಕು, ಯಾರಿಗೆ ಕೊಡಬೇಕು ಎಂಬುದು ಆ ತಾಯಿಗೆ ತಿಳಿದಿರುವುದಿಲ್ಲ. ಹಕೀಂ ಸಯೀದರ ನಂತರ ಕರಾಚಿಯ ಹಮ್‌ದರ್ದಿನ ಹೊಣೆ ಹೊತ್ತವರು ಅವರ ಮಗಳು ಸಾದಿಯಾ ರಾಶಿದ್ ಎಂಬುದನ್ನು ಪೋಷಕರು ನೆನಪಿಡಬೇಕು. ತಂದೆಯ ವೃತ್ತಿಗೆ ಮಗನೇ ವಾರಸುದಾರ ಎಂದು ಯಾರೂ ಬರೆದಿಟ್ಟಿಲ್ಲ.

ಕೊನೆಯದಾಗಿ, ಮೂರೂ ಮನೆತನಗಳಲ್ಲಿ ಗಳಿಕೆ ಮನೆಯ ಬಾಗಿಲಲ್ಲೇ ನಿಲ್ಲಲಿಲ್ಲ. ಶರಬತ್ತಿನ ಹಣ ಕಾಲೇಜಾಯಿತು, ಪ್ರಯೋಗಾಲಯದ ವಿದ್ಯೆ ಬಡರೋಗಿಯ ಔಷಧವಾಯಿತು, ಎಣ್ಣೆಯ ಕಂಪನಿಯಿಂದ ಬೆಳೆದ ಸಂಪತ್ತು ಸರ್ಕಾರಿ ಶಾಲೆಗಳ ಶಿಕ್ಷಕರ ತರಬೇತಿಗೆ ಬಂತು. ನಮ್ಮ ಸಂಘದಂತಹ ಶಿಕ್ಷಣ ಸಂಘಗಳು ಕೂಡ ನಡೆಯುವುದು ಅಂಗಡಿಯವರು, ಗುತ್ತಿಗೆದಾರರು, ಕುಶಲಕರ್ಮಿಗಳು ಕೊಡುವ ನೂರು, ಐನೂರು ರೂಪಾಯಿಗಳಿಂದಲೇ. ವಿದ್ಯಾರ್ಥಿವೇತನ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯ ಪುಸ್ತಕದ ಹಿಂದೆ ಯಾವುದೋ ತಂದೆಯ ಕಸುಬಿನ ಬೆವರಿದೆ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಈ ಬೇಸಿಗೆ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಬ್ಬಾಜಾನ್ ಅಥವಾ ಅಮ್ಮಿಜಾನ್ ಬಳಿ ಕುಳಿತು ಅವರ ಕಸುಬಿನ ಇತಿಹಾಸ ಕೇಳಿ. ಅದನ್ನು ಅವರು ಯಾರಿಂದ ಕಲಿತರು, ಮೊದಲ ಬಂಡವಾಳ ಎಲ್ಲಿಂದ ಬಂತು, ಯಾವ ವರ್ಷ ನಷ್ಟವಾಯಿತು, ಅದನ್ನು ಹೇಗೆ ದಾಟಿದರು ಎಂದು ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆಮೇಲೆ ನೀವು ಓದುತ್ತಿರುವ ಗಣಿತ, ವಿಜ್ಞಾನ, ವಾಣಿಜ್ಯ ಆ ಕಸುಬಿನ ಯಾವ ತೊಂದರೆಯನ್ನು ನೀಗಿಸಬಲ್ಲದು ಎಂದು ಯೋಚಿಸಿ. ನೀವು ಅದೇ ಕಸುಬು ಮಾಡುತ್ತೀರೋ, ಅದನ್ನು ಬೆಳೆಸುತ್ತೀರೋ, ಬೇರೆ ದಾರಿ ಹಿಡಿಯುತ್ತೀರೋ ಎಂಬುದು ನಿಮ್ಮ ಆಯ್ಕೆ. ಯಾವುದನ್ನೇ ಆರಿಸಿದರೂ ಮುಂದಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಸಾಲಿನಲ್ಲಿ ಇರುವುದನ್ನು ಇರುವಂತೆಯೇ ಬರೆಯಿರಿ.